ಕೆಂಪು ನೀರಿನಲ್ಲಿ ಹಳದಿ ದಾರ

ಆಡಿ ತಿಂಗಳ ಶುಕ್ರವಾರ. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕೂತು ಹುಣಸೆಹಣ್ಣು, ಬೂದಿ ಹಾಕಿ ಹಿತ್ತಾಳೆ ದೀಪಗಳನ್ನು ತಿಕ್ಕುತ್ತಿದ್ದೆ. ಎರಡನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದೆ, ಮೂರನೆಯದು ಕೈಯಲ್ಲಿತ್ತು. ಆಗ ನನ್ನ ಮೈದುನ ಬೇಲಿಯ ಸಂದಿಯಿಂದ ಒಳಗೆ ನುಗ್ಗಿದ. ದಿನಾ ಮುಂಬಾಗಿಲಿನಿಂದ ಬರುವವನು ಬೇಲಿ ತೂರಿಕೊಂಡು ಬಂದನೆಂದರೆ ಏನೋ ಆಗಿದೆ ಎಂದು ಆಗಲೇ ಅನ್ನಿಸಿತು. ಎದೆಯವರೆಗೂ ನೆನೆದಿದ್ದ.

"ಅತ್ಗೆ, ಅವ್ವ ಎಲ್ಲವ್ಳೆ?"

"ಒಳಗೆ ಮಲ್ಗವ್ರೆ. ಯಾಕಪ್ಪಾ, ಇಂಗ್ ನೆಂದಿದ್ದೀಯ?"

"ಮೆಲ್ಲಗ್ ಮಾತಾಡು. ಅಣ್ಣ ಬಂಡೆ ಮೇಲವ್ನೆ. ನೀರ್ ಬಂದ್ಬುಡ್ತು."

ದೀಪ ಕೈಯಿಂದ ಬೀಳಲಿಲ್ಲ. ಅದನ್ನು ಮೆಲ್ಲಗೆ ಕಲ್ಲಿನ ಮೇಲೆ ಇಟ್ಟೆ. ಹೆದರಿಕೆ ಬಂದಾಗ ನನ್ನ ಕೈ ಹಾಗೆಯೇ, ನಿಧಾನವಾಗಿಬಿಡುತ್ತದೆ.

ನಮ್ಮ ಮನೆ ಪೆನ್ನಾಗರದ ಕೆಳಗೆ, ಕಾಡು ಇಳಿದು ಕಾವೇರಿ ಸಿಗುವ ಕಡೆ. ಮನೆಯಿಂದ ಹೊಳೆಗೆ ಕಾಲು ಗಂಟೆಯ ನಡಿಗೆ. ಮೈದುನ ಹರಿಗೋಲು ನಡೆಸುತ್ತಾನೆ. ಅದನ್ನು ಇಲ್ಲಿಯವರೆಲ್ಲ ಪರಿಸಲು ಎನ್ನುತ್ತಾರೆ. ಹೊಳೆ ನೋಡಲು ಬರುವವರನ್ನು ಕೂರಿಸಿಕೊಂಡು ಹೋಗಿ ಬರುವುದು ಅವನ ಜೀವನ. ಅದಕ್ಕೆ ಸರ್ಕಾರ ಕೊಟ್ಟ ಕಾರ್ಡು ಬೇಕು, ಆ ಕಾರ್ಡಿಲ್ಲದೆ ದಡದಿಂದ ಒಂದು ಮಾರು ಆಚೆ ಹೋಗುವಂತಿಲ್ಲ. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಎರಡೆಕರೆ ಮಳೆ ನಂಬಿದ ಹೊಲ. ಹೊಲದ ಕೆಲಸ ಮುಗಿದ ದಿನ ಅವರು ಹೊಳೆಗೆ ಹೋಗುತ್ತಾರೆ, ಮೀನು ಹಿಡಿಯಲು.

ಅವರು ಮೀನು ಹಿಡಿಯುವ ರೀತಿಯೇ ಬೇರೆ. ಇಲ್ಲಿಯವರು ಬಲೆ ಬೀಸುತ್ತಾರೆ, ಇಲ್ಲವೇ ಗಟ್ಟಿ ರಾಗಿಮುದ್ದೆಯ ಉಂಡೆ ಗಾಳಕ್ಕೆ ಸಿಕ್ಕಿಸಿ ಮಡುವಿಗೆ ಇಳಿಬಿಡುತ್ತಾರೆ. ನಮ್ಮವರದು ಪುಕ್ಕ. ನನಗೆ ಮದುವೆಯಾದ ಹೊಸತರಲ್ಲಿ ಊಟಿ ಕಡೆಯಿಂದ ವಯಸ್ಸಾದವರೊಬ್ಬರು ಪ್ರತಿ ಬೇಸಿಗೆಯಲ್ಲಿ ಬರುತ್ತಿದ್ದರು. ಅಲ್ಲಿ ಬೆಟ್ಟದ ತಣ್ಣೀರಿನ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನಿದೆಯಂತೆ. ಅದು ನೀರಿನ ಮೇಲೆ ಕೂರುವ ನೊಣ, ಹುಳವನ್ನು ಹಾರಿ ಹಿಡಿಯುತ್ತದಂತೆ. ಅದಕ್ಕೇ ಸಣ್ಣ ಗಾಳಕ್ಕೆ ಪುಕ್ಕ ಸುತ್ತಿ ನೊಣದ ಹಾಗೆ ಮಾಡಿ, ಚಾಟಿ ಬೀಸಿದ ಹಾಗೆ ಬೀಸಿ ನೀರಿನ ಮೇಲೆ ಇಳಿಸುವುದು. ನಮ್ಮ ಬೆಚ್ಚನೆ ನೀರಿನ ಹೊಳೆಯಲ್ಲಿ ಆ ಮೀನು ಬದುಕುವುದಿಲ್ಲ. ಆದರೆ ಬಂಡೆಗಳ ನಡುವೆ ನೀರು ನೊರೆಯಾಗಿ ಓಡುವ ಜಾಗದಲ್ಲಿ ನಮ್ಮ ಕೆಂಡೆ ಮೀನೂ ಆ ಪುಕ್ಕಕ್ಕೆ ಬಾಯಿ ಹಾಕುತ್ತದೆ ಎಂದು ಅವರು ತೋರಿಸಿಕೊಟ್ಟರು. ನಮ್ಮವರು ಅವರ ಚೀಲ ಹೊತ್ತು, ಬಂಡೆ ತೋರಿಸಿ, ಆ ವಿದ್ಯೆ ಕಲಿತರು. ಮಂಡಿನೋವಿನಿಂದ ಬರುವುದು ನಿಂತಾಗ ಆ ಹಿರಿಯರು ತಮ್ಮ ಕೋಲು, ರೀಲು, ದಾರ ಎಲ್ಲವನ್ನೂ ಇವರಿಗೇ ಕೊಟ್ಟು ಹೋದರು.

ಅಂದಿನಿಂದ ನಮ್ಮ ಮನೆಯ ಹುಂಜದ ಕುತ್ತಿಗೆ ಪುಕ್ಕ, ಹಸುವಿನ ಬಾಲದ ಕೂದಲು, ನನ್ನ ಹಳೆಯ ಸೀರೆಯ ಸರಿಗೆ, ಎಲ್ಲವೂ ಆ ನೊಣಗಳಿಗೇ. ಇಷ್ಟೆಲ್ಲ ಮಾಡಿ ಹಿಡಿದ ಮೀನನ್ನು ಇವರು ಮತ್ತೆ ನೀರಿಗೆ ಬಿಟ್ಟುಬಿಡುತ್ತಾರೆ. ಆ ಹಿರಿಯರು ಕಲಿಸಿದ್ದು ಹಾಗೆ. ಊರೆಲ್ಲ ನಗುತ್ತದೆ. ನಮ್ಮತ್ತೆ ಸಿಕ್ಕಸಿಕ್ಕವರ ಹತ್ತಿರವೆಲ್ಲ ಹೇಳುತ್ತಿದ್ದರು: "ನನ್ ಮಗ ಮೀನ್ ಹಿಡ್ಯೋಕೋಯ್ತಾನೆ, ಮೀನ್ಗೆ ಮುತ್ತಿಕ್ಕಿ ಬುಟ್ಬುಟ್ಟು ಬತ್ತಾನೆ. ನಾ ಸಾರ್ಗೆ ಏನಾಕ್ಲಿ, ಆ ಪುಕ್ಕಾನಾ?" ನನಗೆ ಮಾತ್ರ ಅದು ಮಾದಪ್ಪ ಕೊಟ್ಟ ಸಣ್ಣ ಕೃಪೆ ಎನ್ನಿಸುತ್ತಿತ್ತು. ಸೋಮವಾರ, ಶುಕ್ರವಾರ ನಮ್ಮ ಮನೆಯಲ್ಲಿ ಮೀನು ಮುಟ್ಟುವಂತಿಲ್ಲ. ಬಲೆ ಹಾಕುವವನ ಹೆಂಡತಿಯಾಗಿದ್ದರೆ ಆ ವ್ರತವೆಲ್ಲ ಎಲ್ಲಿ ನಡೆಯುತ್ತಿತ್ತು?

ಈ ಆಟದಲ್ಲಿ ನನ್ನ ಪಾಲಿಗೆ ಇದ್ದದ್ದು ಒಂದೇ ಕೆಲಸ, ದಾರ ತೊಳೆಯುವುದು. ಬೇರೆ ಗಾಳದ ದಾರದ ಹಾಗಲ್ಲ ಅದು. ದೀಪದ ಬತ್ತಿಯಷ್ಟು ದಪ್ಪ, ಅರಿಶಿನದ ಬಣ್ಣ. ನೀರಲ್ಲಿ ಮುಳುಗುವುದಿಲ್ಲ. ಆದರೆ ಜಿಡ್ಡು, ಮಣ್ಣು ಹಿಡಿದರೆ ಮುಳುಗುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಸೋಪಿನ ನೀರಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಬಾಗಿಲ ಕಂಬದಿಂದ ಬೇವಿನ ಮರಕ್ಕೆ ಎರಡು ಸುತ್ತು ಹಾಕಿ ನೆರಳಲ್ಲಿ ಆರಿಸುತ್ತಿದ್ದೆ. ಅದರ ಹಿಂದೆ ತೆಳ್ಳಗಿನ ಬಿಳಿ ದಾರ ಗಂಟು ಹಾಕಿರುತ್ತದೆ. ಅದು ಎಷ್ಟು ಉದ್ದವೆಂದರೆ ಬಿಚ್ಚುತ್ತಾ ಹೋದರೆ ಮೈದುನನ ಮನೆ ದಾಟಿ ರಸ್ತೆಗೆ ಹೋಗುತ್ತದೆ. ಇಷ್ಟು ತೊಳೆದರೂ ಅವರು ಅದನ್ನು ಬೀಸುವುದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಗಂಡ ಗಾಳ ಹಾಕುವಾಗ ಹೆಂಡತಿ ದಡದಲ್ಲಿ ನಿಂತರೆ ಹೊಳೆಯ ಕಣ್ಣು ಅವನ ಮೇಲೆ ಬೀಳುತ್ತದೆ ಎಂದು ನಮ್ಮಲ್ಲಿ ಮಾತು. ನಂಬಿದ್ದೆ ಎನ್ನಲಾರೆ, ಮೀರಿರಲೂ ಇಲ್ಲ.

ಅವತ್ತು ಬೆಳಗ್ಗೆ ಏನಾಯಿತೆಂದು ಮೈದುನ ಹಿತ್ತಲಲ್ಲಿ ನಿಂತೇ ಒದರಿದ. ಅಣ್ಣನನ್ನು ಹರಿಗೋಲಿನಲ್ಲಿ ನಡುಹೊಳೆಯ ಬಂಡೆಗೆ ಬಿಟ್ಟಿದ್ದಾನೆ. ಪುಕ್ಕದ ಗಾಳಕ್ಕೆ ಹರಿಗೋಲು ಹತ್ತಿರ ಇರಬಾರದು. ಅದರ ನೆರಳು ಬಿದ್ದರೆ, ಅದು ಬಂಡೆಗೆ ಡಬ್ ಡಬ್ ಎಂದು ತಾಗಿದರೆ ಆ ಕಡೆ ಮೀನು ಸುಳಿಯುವುದಿಲ್ಲ. ಹಾಗಾಗಿ ನಮ್ಮವರು ಯಾವಾಗಲೂ ತಮ್ಮನನ್ನು ವಾಪಸ್ಸು ಕಳಿಸಿಬಿಡುತ್ತಾರೆ, ಊಟದ ಹೊತ್ತಿಗೆ ಬಾ ಎನ್ನುತ್ತಾರೆ. ಅವತ್ತೂ ಹಾಗೇ ಕಳಿಸಿದ್ದಾರೆ. ಇವನು ಹರಿಗೋಲನ್ನು ದಡಕ್ಕೆ ಎಳೆದು ಬೀಡಿ ಹಚ್ಚುವಷ್ಟರಲ್ಲಿ ಮೈಕಿನಲ್ಲಿ ಕೂಗಿದ್ದಾರೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಪರಿಸಲು ಬಂದ್, ಎಲ್ಲರೂ ದಡಕ್ಕೆ ಬನ್ನಿ ಎಂದು. ಮೈಕು ಹಿಡಿದಿದ್ದ ಅಧಿಕಾರಿ ಪ್ರತಿ ಹರಿಗೋಲಿನವನನ್ನೂ ಕೇಳಿದ್ದಾರೆ: "ಆತ್ತುಲೆ ಯಾರಾವದು ಇರುಕ್ಕಾಂಗಳಾ?" ಹೊಳೆಯಲ್ಲಿ ಯಾರಾದರೂ ಉಳಿದಿದ್ದಾರಾ ಎಂದು.

"ನೀ ಏನಂದೆ?"

ಮೈದುನ ನೆಲ ನೋಡಿದ. "ಯಾರೂ ಇಲ್ಲ ಸಾರ್ ಅಂದ್ಬುಟ್ಟೆ."

"ಅಯ್ಯೋ ಪಾಪಿ!"

"ಇನ್ನೇನನ್ಲಿ ಅತ್ಗೆ? ಬಂಡೆ ಮೇಲ್ ಆಳ್ ಬುಡಬಾರ್ದು ಅಂತ ರೂಲು. ಏಳಿದ್ರೆ ಕಾರ್ಡ್ ಕಿತ್ಕೋತಾರೆ. ಅಂಗೇ ಸುತ್ಕೊಂಡೋಗಿ ಅಣ್ಣನ್ನ ಕರ್ಕಂಬರಾನ ಅಂತ ನೀರ್ಗಿಳ್ದೆ, ಎದೆಮಟ್ಟ ಬಂದ್ಬುಡ್ತು, ಪರಿಸ್ಲು ತಡೀಲಿಲ್ಲ. ಪರಿಸ್ಲು ಮೇಲಿನ್ ತಿರುವ್ಗೆ ಒತ್ಕಂಡೋಗಿವ್ನಿ, ಈಗ ಅಲ್ಲಿಂದ ಬುಡ್ತೀನಿ. ನೀನ್ ಒಸಿ ಅಗ್ಗ ಕೊಡು. ಯಾರ್ಗೂ ಏಳ್ಬೇಡ."

ಬಾವಿಯ ಹಗ್ಗ ಬಿಚ್ಚಿಕೊಟ್ಟೆ. ಆದರೆ ಅವನನ್ನು ಒಬ್ಬನೇ ಹೋಗಲು ಬಿಡಲಿಲ್ಲ. ಹುಣಸೆ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಹಿಂದೆ ಹೊರಟೆ. ಅಷ್ಟರಲ್ಲಿ ಅತ್ತೆ ಎದ್ದು ಹಿತ್ತಲ ಬಾಗಿಲಿಗೆ ಬಂದಿದ್ದರು.

"ಎಲ್ಗೋಯ್ತಿದ್ದೀರ್ಲಾ ಇಬ್ರೂ?"

"ಒಳೆ ತಾವುಕ್ಕೆ, ಅತ್ತೆ."

"ಒಳೆ ತಾವ ನಿಂಗೇನ್ ಕೆಲ್ಸ? ಗಾಳ ಆಕೋನ್ ಎಂಡ್ರು ದಡಕ್ಕೋಗಬಾರ್ದು, ಗೊತ್ತಿಲ್ವಾ?"

ನಾನು ಬೇಲಿಯ ಸಂದಿಯಿಂದ ಆಚೆ ದಾಟಿದೆ. ದಾರಿಯುದ್ದಕ್ಕೂ ಆ ಮಾತು ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ನಾನು ಹೋಗಿಯೇ ಏನಾದರೂ ಆದರೆ? ಹೋಗದೆ ಏನಾದರೂ ಆದರೆ? ಮಾದಪ್ಪಾ, ಹೊಳೆಯ ಕಣ್ಣು ಈಗಾಗಲೇ ಅವರ ಮೇಲೆ ಬಿದ್ದಾಗಿದೆ, ಇನ್ನು ನಾನು ನಿಂತರೇನು ಕೂತರೇನು ಎಂದುಕೊಂಡೆ. ಓಡಿದೆ.

ಹೊಳೆ ಕಂಡಿತು. ಎರಡು ದಿನದ ಹಿಂದೆ ಬಟ್ಟೆ ಒಗೆಯಲು ಬಂದಾಗ ತಳದ ಕಲ್ಲು ಕಾಣುತ್ತಿದ್ದ ನೀರು. ಈಗ ಹೊಸದಾಗಿ ಸಾರಿಸಿದ ಕೆಮ್ಮಣ್ಣಿನ ಬಣ್ಣ. ಸದ್ದು ಜೋರಿಲ್ಲ, ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಬೇರುಸಮೇತ ಒಂದು ಮತ್ತಿಮರ ತಿರುಗುತ್ತಾ ಬಂತು, ನಮ್ಮ ಮುಂದೆ ಒಂದು ಸಲ ಮುಳುಗಿತು. ಎಲ್ಲಿ ಎದ್ದಿತೋ ಕಾಣಲಿಲ್ಲ.

ಅವರು ಬಂಡೆಯ ಮೇಲೆ ನಿಂತಿದ್ದರು. ಆನೆ ಮಲಗಿದಂತಿದ್ದ ಬಂಡೆಯಲ್ಲಿ ಈಗ ಬೆನ್ನು ಮಾತ್ರ ಉಳಿದಿತ್ತು. ದಡದಿಂದ ಮೂವತ್ತು ಮಾರು ಇರಬಹುದು. ಅವರ ಪಾದದ ಸುತ್ತ ನೀರು ನೆಕ್ಕುತ್ತಿತ್ತು. ನಾವಿದ್ದ ಮೇಲಿನ ತಿರುವಿನಲ್ಲಿ ಮರಗಳ ಮರೆ, ಅವರಿಗೆ ನಾವು ಕಾಣುತ್ತಿರಲಿಲ್ಲ. ಕೆಳಗೆ ಹರಿಗೋಲು ಕಟ್ಟುವ ಘಾಟಿನಲ್ಲಿ ಅಧಿಕಾರಿಗಳು, ಹರಿಗೋಲಿನವರು, ನೋಡಲು ಬಂದ ಜನ. ಘಾಟಿಗೂ ಬಂಡೆಗೂ ನಡುವೆ ದಡ ಚಾಚಿಕೊಂಡಿದ್ದರಿಂದ ಅವರಿಗೆ ಬಂಡೆ ಕಾಣುವುದಿಲ್ಲ. ನಡುಹೊಳೆಯಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆಂದು ಜಗತ್ತಿನಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಮೈದುನ ಹರಿಗೋಲನ್ನು ನೀರಿಗೆ ಎಳೆಯತೊಡಗಿದ.

"ಆ ಮರ ನೋಡ್ದಾ?" ಎಂದೆ.

"ನೋಡ್ದೆ."

"ನೀನ್ ಇಳಿದ್ರೆ ಅದ್ರಂಗೇ. ಇಬ್ರನ್ನೂ ಕಳ್ಕೊಂಡು ನಾನ್ ನಿಮ್ಮವ್ವನ್ ಮುಂದೆ ಎಂಗ್ ನಿಂತ್ಕೊಳ್ಲಿ? ನಡಿ, ಸಾರ್ ಅವ್ರಿಗೇಳಾನ."

"ಅತ್ಗೆ, ಕಾಲ್ ಹಿಡ್ಕೋತೀನಿ. ಸುಳ್ಳೇಳಿದ್ದೂ ಗೊತ್ತಾದ್ರೆ ಕಾರ್ಡು ಜನ್ಮಕ್ಕೂ ಕೊಡಕ್ಕಿಲ್ಲ. ಎರಡ್ ಮಕ್ಳವ್ರೆ ನಂಗೆ."

ಅದನ್ನು ನಾನು ಈಗಲೂ ಲಘುವಾಗಿ ಹೇಳಲಾರೆ. ಅವನ ಮಕ್ಕಳಿಗೆ ನಾನೇ ಎಣ್ಣೆ ಸ್ನಾನ ಮಾಡಿಸಿದವಳು. ಅವರ ಗಂಜಿ ಆ ಕಾರ್ಡಿನಿಂದಲೇ ಬರುವುದು. ಆದರೆ ಬಂಡೆಯ ಮೇಲೆ ನೀರು ಪಾದ ದಾಟಿ ಕಾಲಿನ ಗಿಣ್ಣಿಗೆ ಬಂದಿತ್ತು. ಯೋಚಿಸಿ ತೀರ್ಮಾನಿಸಿದೆ ಎಂದರೆ ಸುಳ್ಳಾಗುತ್ತದೆ. ಕಾಲು ಘಾಟಿನ ಕಡೆ ಓಡಿತು, ಅಷ್ಟೇ. ಹಿಂದಿನಿಂದ ಮೈದುನ ಕೂಗಿದ, "ಅತ್ಗೇ! ಅತ್ಗೇ!" ನಾನು ತಿರುಗಲಿಲ್ಲ.

ಅಧಿಕಾರಿ ಫೋನಿನಲ್ಲಿದ್ದರು. ನಾನು ಅವರ ಕೈಯನ್ನೇ ಹಿಡಿದೆ. ಜನ್ಮದಲ್ಲಿ ಪರಗಂಡಸಿನ ಕೈ ಹಿಡಿದದ್ದು ಅದೊಂದೇ ಸಲ. ಉಸಿರು ಹತ್ತದೆ ತಮಿಳು, ಕನ್ನಡ ಎರಡೂ ಬೆರೆತು ಬಂತು: "ಸಾರ್, ಪಾರೈ ಮೇಲೆ ನನ್ ವೀಟ್ಟುಕ್ಕಾರರ್, ನನ್ ಗಂಡ ಬಂಡೆ ಮೇಲವ್ರೆ ಸಾರ್!"

"ಎನ್ನಮ್ಮಾ ಸೊಲ್ರೆ? ಯಾರೂ ಇಲ್ಲೇನ್ನು ಸೊನ್ನಾಂಗಳೇ!" ಯಾರೂ ಇಲ್ಲವೆಂದು ಹೇಳಿದರಲ್ಲ ಎಂದು ಅವರ ಕಣ್ಣು ಹರಿಗೋಲಿನವರ ಕಡೆ ಹೋಯಿತು. ಹಿಂದೆಯೇ ಓಡಿ ಬಂದಿದ್ದ ಮೈದುನ ತಲೆ ತಗ್ಗಿಸಿ ನಿಂತಿದ್ದ. ಯಾರು ಹೇಳಿದ್ದೆಂದು ಕೇಳುವ ಅಗತ್ಯ ಬೀಳಲಿಲ್ಲ.

ಬೈಗುಳ ಆಮೇಲೆ ಎಂದಿಟ್ಟುಕೊಂಡು ಆತ ಕೆಲಸಕ್ಕೆ ಇಳಿದರು, ಪುಣ್ಯಾತ್ಮ. ಧರ್ಮಪುರಿಯ ಅಗ್ನಿಶಾಮಕದವರಿಗೆ ಫೋನು ಹೋಯಿತು. ಅವರು ಬೆಟ್ಟದ ರಸ್ತೆ ಇಳಿದು ಬರಲು ಒಂದು ಗಂಟೆಗೂ ಮೇಲೆ ಬೇಕು. ಬಂಡೆಯ ಎದುರಿನ ದಡಕ್ಕೆ ಎಲ್ಲರೂ ಓಡಿದೆವು. ಹರಿಗೋಲಿನವರಲ್ಲಿ ಎಲ್ಲರಿಗಿಂತ ಹಿರಿಯನಾದ ಒಬ್ಬ ತಾತ ಹಗ್ಗದ ತುದಿಗೆ ಕಲ್ಲು ಕಟ್ಟಿ ಎಸೆದ. ಅರ್ಧಕ್ಕೂ ಹೋಗಲಿಲ್ಲ. ಗಟ್ಟಿಮುಟ್ಟಾದ ಇಬ್ಬರು ಎಸೆದರು, ಅದೂ ಅಷ್ಟೇ. ನೀರು ಹಗ್ಗವನ್ನು ಕಿತ್ತುಕೊಂಡು ದಡಕ್ಕೇ ತಂದು ಹಾಕಿತು.

ಆಗ ನಮ್ಮವರು ನಮ್ಮನ್ನು ನೋಡಿದರು. ನನ್ನನ್ನೂ ನೋಡಿದರು ಎಂದುಕೊಳ್ಳುತ್ತೇನೆ. ಒಂದು ಕೈ ಎತ್ತಿದರು. ಆಮೇಲೆ ಬಗ್ಗಿ, ಕಂಕುಳಲ್ಲಿದ್ದ ಕೋಲನ್ನು ಸರಿ ಮಾಡಿಕೊಂಡು ಬೀಸತೊಡಗಿದರು.

ಹಳದಿ ದಾರ ಅವರ ತಲೆಯ ಹಿಂದೆ ನೆಟ್ಟಗೆ ಚಾಚಿತು, ಮುಂದಕ್ಕೆ ಬಂತು, ಮತ್ತೆ ಹಿಂದಕ್ಕೆ. ಪ್ರತಿ ಸಲ ಒಂದಿಷ್ಟು ಉದ್ದವಾಯಿತು. ನಾನು ಬಕೆಟ್ಟಿನಲ್ಲಿ ನೆನೆಸಿ ಉಜ್ಜುತ್ತಿದ್ದ ದಾರ ಅದು. ಗಾಳಿಯಲ್ಲಿ ಹಾಗೆ ಬಿಚ್ಚಿಕೊಳ್ಳುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ದಡದಲ್ಲಿ ಯಾರೋ ನಕ್ಕರು. "ಪಾರುಡಾ, ಸಾಗಪ್ಪೋಗುಂಬೋದುಂ ಮೀನ್ ಪುಡಿಕ್ಕಿರಾನ್!" ಸಾಯುವಾಗಲೂ ಮೀನು ಹಿಡಿಯುತ್ತಿದ್ದಾನೆ ನೋಡು ಎಂದು. ಇನ್ನೊಬ್ಬ, "ಗಂಡಂಗೆ ಬುದ್ಧಿ ಕೆಟ್ಟೋಗೈತೆ ತಾಯಿ, ಭಯಕ್ಕೆ," ಎಂದ ನನ್ನನ್ನು ನೋಡಿ. ಅಧಿಕಾರಿಯೂ ಮೈಕಿನಲ್ಲಿ ಕೂಗಿದರು, ಅದನ್ನು ಬಿಸಾಕು, ಬಂಡೆಯನ್ನು ತಬ್ಬಿ ಕೂತುಕೋ ಎಂದು.

ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆಮೇಲೆ ನೋಡಿದೆ. ಅವರು ದಾರವನ್ನು ನಮ್ಮ ಕಡೆಗೆ ನೇರ ಬೀಸುತ್ತಿರಲಿಲ್ಲ. ನಮಗಿಂತ ಕೆಳಗೆ, ನಡುವಿನ ರಭಸದ ನೀರನ್ನು ದಾಟಿಸಿ, ದಡದ ಪಕ್ಕದ ಸಮಾಧಾನದ ನೀರಿಗೆ ಇಳಿಸಲು ನೋಡುತ್ತಿದ್ದರು. ಆ ನೀರು ಹೋಗಿ ಸೇರುವುದು ಕೆಳಗೆ ಹೊಳೆ ಬಾಗುವ ಕಡೆಯ ಬಂಡೆಗೆ. ನಾವು ಹೆಂಗಸರು ಬಟ್ಟೆ ಒಗೆಯುವ ಜಾಗ. ಕೈಜಾರಿದ ಸೋಪಿನ ಡಬ್ಬಿ, ರವಿಕೆ ಎಲ್ಲ ಅಲ್ಲಿಗೇ ಹೋಗಿ ತಂಗುತ್ತವೆ. ದಾರ ತೇಲುತ್ತದೆ. ಹಿಂದೆ ಅಷ್ಟುದ್ದ ಬಿಳಿ ದಾರ ಇದೆ. ಅದನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು?

"ತಾತಾ, ಅವ್ರು ಮೀನ್ ಹಿಡೀತಿಲ್ಲ! ದಾರ ಕಳುಸ್ತಾವ್ರೆ. ಅದು ಮುಳುಗಲ್ಲ ತಾತಾ. ಒಗೆಯೋ ಬಂಡೆಗೆ ಬತ್ತದೆ, ಓಡು!"

ತಾತ ನನ್ನ ಮುಖ ನೋಡಿದ, ಹೊಳೆ ನೋಡಿದ. ಬುದ್ಧಿವಂತ, ಎರಡನೇ ಮಾತು ಕೇಳಲಿಲ್ಲ. ಹುಟ್ಟು ಹಿಡಿದುಕೊಂಡು ಬಾಗಿನ ಕಡೆ ಓಡಿದ. ಮೈದುನನೂ ಓಡಿದ. ನಾನೂ.

ಮೊದಲ ಸಲ ದಾರ ನಡುನೀರನ್ನು ದಾಟಲಿಲ್ಲ. ರಭಸಕ್ಕೆ ಸಿಕ್ಕಿ ಹೊಳೆಯ ಕೆಳಕ್ಕೆ ಎಳೆದುಕೊಂಡು ಹೋಯಿತು. ಅವರು ಅದನ್ನು ಮೊಳ ಮೊಳ ಎಳೆದು ಸುತ್ತಿಕೊಳ್ಳಲು ಹಿಡಿದ ಹೊತ್ತು ನನಗೆ ಒಂದು ಹಗಲಾಯಿತು. ನೀರು ಮೊಣಕಾಲಿಗೆ ಬಂದಿತ್ತು. ಎರಡನೇ ಸಲ ದಾಟಿತು, ಆದರೆ ತೇಲಿ ಬಂದ ಕೊಂಬೆಗೆ ಸಿಕ್ಕಿ ಅದರ ಜೊತೆ ಹೊರಟಿತು. ಅವರು ಜಗ್ಗಿದರು, ಜಾರಿದರು, ಒಂದು ಮಂಡಿ ಊರಿದರು. ದಡದಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರು. ನಾನು ಮನಸ್ಸಿನಲ್ಲಿ, ಮಾದಪ್ಪಾ, ದಾರ ಹರಿಯಲಿ, ಇಲ್ಲಾ ಕೊಂಬೆ ಬಿಡಲಿ, ಎರಡರಲ್ಲಿ ಒಂದು ಮಾಡು ಎಂದೆ. ಕೊಂಬೆ ಮಗುಚಿಕೊಂಡು ಬಿಟ್ಟುಕೊಟ್ಟಿತು. ದಾರ ಉಳಿಯಿತು. ಅದನ್ನು ನಾನು ಕೃಪೆಗಳ ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ಮೂರನೇ ಸಲ ಅವರು ಆತುರ ಮಾಡಲಿಲ್ಲ. ಮೊಣಕಾಲು ಮುಳುಗಿದ ನೀರಿನಲ್ಲಿ ನಿಂತು, ಗಾಳಿ ಒಂದು ಗಳಿಗೆ ತಗ್ಗುವವರೆಗೂ ಕಾದರು. ನಾವು ದಡದಲ್ಲಿ "ಬೀಸು, ಬೀಸು" ಎಂದು ಸಾಯುತ್ತಿದ್ದೆವು. ಗಾಳಿ ತಗ್ಗಿತು. ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ, ಆಮೇಲೆ ಬಿಟ್ಟರು. ದಾರ ನಡುನೀರಿನ ಮೇಲೆ ಹಾರಿ, ಹೂ ಇಟ್ಟ ಹಾಗೆ ಈಚೆ ಇಳಿಯಿತು. ಕೆಂಪು ನೀರಿನ ಮೇಲೆ ಹಳದಿ ಗೆರೆ ಬಳುಕುತ್ತಾ ನಮ್ಮ ಕಡೆ ಬಂತು. ಅವರು ಬಿಳಿ ದಾರ ಬಿಡುತ್ತಲೇ ಇದ್ದರು.

ತಾತ ಸೊಂಟದವರೆಗೆ ಇಳಿದಿದ್ದ. ಮೈದುನ ಅವನ ಪಂಚೆಯ ಗಂಟನ್ನು ಹಿಡಿದಿದ್ದ. ಹುಟ್ಟು ಚಾಚಿ ದಾರವನ್ನು ಎಳೆದುಕೊಂಡು ಮುಷ್ಟಿಯಲ್ಲಿ ಹಿಡಿದ ತಾತ "ಅಪ್ಪಾ!" ಎಂದು ಅರಚಿದ. ತುದಿಯ ಪುಕ್ಕದ ಗಾಳ ಅವನ ಅಂಗೈಗೆ ಇಳಿದಿತ್ತು. ಆದರೂ ಮುಷ್ಟಿ ಬಿಡಲಿಲ್ಲ.

"ಯವ್ವಾ, ನಿನ್ ಗಂಡ ಕಡೇಗೂ ದೊಡ್ ಮೀನೇ ಹಿಡ್ದ ಕಣವ್ವಾ!" ಎಂದ ನೋವಿನಲ್ಲೇ. "ಹಿಡ್ದುದ್ದ ಬುಟ್ಬುಡ್ತಾನಂತಲ್ಲಾ, ನನ್ನೂ ಬುಡು ಅಂತ ಏಳು!"

ಜನ ನಕ್ಕರು. ನಾನೂ ನಕ್ಕೆನೋ ಅತ್ತೆನೋ ತಿಳಿಯದು.

ಮೈದುನನೇ ಗಂಟು ಹಾಕಿದ. ಹಳದಿ ದಾರಕ್ಕೆ ನೈಲಾನ್ ಹುರಿ, ಹುರಿಗೆ ದಪ್ಪ ಹಗ್ಗ, ಹಗ್ಗದ ತುದಿಗೆ ಹರಿಗೋಲಿನವರ ತೇಲುವ ಜಾಕೆಟ್ಟು. ಕೈ ಸನ್ನೆ ಮಾಡಿದ. ನಮ್ಮವರು ಮೆಲ್ಲಗೆ ಎಳೆದುಕೊಂಡರು. ಅಷ್ಟು ಸಣ್ಣ ದಾರ ಹರಿದುಹೋದರೆ ಎಲ್ಲವೂ ಹೋಯಿತು. ಹುರಿ ಸೇರಿತು, ಆಮೇಲೆ ಹಗ್ಗ, ಅದರ ತುದಿಯ ಜಾಕೆಟ್ಟು. ಅದನ್ನು ತೊಟ್ಟು, ಹಗ್ಗವನ್ನು ಎದೆಗೆ ಬಿಗಿದುಕೊಳ್ಳುವಾಗ ನೀರು ತೊಡೆಗಿತ್ತು. ಇತ್ತ ಆರು ಜನ ಹಗ್ಗ ಹಿಡಿದರು. ಅಧಿಕಾರಿಯೂ ಬೂಟು ಕಳಚಿಟ್ಟು ಹಿಡಿದರು.

ಅವರು ಕೋಲನ್ನು ಒಂದು ಸಲ ನೋಡಿದರು. ಅದನ್ನು ನೀರಿನ ಮೇಲೆ ಮಲಗಿಸಿದ ಹಾಗೆ ಬಿಟ್ಟರು. ಆಮೇಲೆ ತಾವೇ ಜಾರಿದರು.

ಮುಳುಗಿದರು. ಹಗ್ಗ ಬಿಗಿದು ಆರು ಜನರೂ ಎರಡು ಹೆಜ್ಜೆ ಮುಂದಕ್ಕೆ ಎಳೆದುಕೊಂಡು ಹೋದರು. ನಾನು ಮಾದಪ್ಪನ ಹೆಸರನ್ನು ಎಣಿಸಿದೆ. ಏಳು, ಎಂಟು. ಕೆಂಪು ನೀರಲ್ಲಿ ಏನೂ ಇಲ್ಲ. ಒಂಬತ್ತು. ಹತ್ತು. ಹನ್ನೊಂದನೆಯದಕ್ಕೆ ಕಿತ್ತಳೆ ಬಣ್ಣದ ಜಾಕೆಟ್ಟು ಮೇಲೆ ಬಂತು, ಅದರ ಜೊತೆ ತಲೆ. ಪ್ರವಾಹ ಅವರನ್ನು ತೂಗುಯ್ಯಾಲೆಯ ಹಾಗೆ ಬೀಸಿ ದಡಕ್ಕೆ ತಂದಿತು. ಮೈದುನ ಹಗ್ಗ ಬಿಟ್ಟು ನೀರಿಗೆ ಹಾರಿ ಅಣ್ಣನ ಕೊರಳಪಟ್ಟಿ ಹಿಡಿದ.

ದಡದಲ್ಲಿ ಮಲಗಿಸಿದಾಗ ಒಂದಿಷ್ಟು ಕೆಂಪು ನೀರು ಕಕ್ಕಿದರು. ಮೊಣಕೈ ತರಚಿತ್ತು, ಕಾಲಿನ ಒಂದು ಉಗುರು ಹೋಗಿತ್ತು. ಅಷ್ಟೇ. ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ನೀನ್ಯಾಕ್ ಬಂದೆ ಇಲ್ಲಿಗೆ?"

"ದಾರ ತೊಳ್ಯೋಕೆ," ಎಂದೆ. ಬಾಯಿಗೆ ಬಂದದ್ದು ಅದೇ.

ಆಮೇಲೆ ಬೈಗುಳ ಬಂತು, ಬರಲೇಬೇಕಿತ್ತು. ಅಧಿಕಾರಿ ಬೂಟು ಹಾಕಿಕೊಂಡು ಮೈದುನನ ಮುಂದೆ ನಿಂತು ಕೈ ಚಾಚಿದರು. ಮೈದುನ ಕೊರಳಿನಿಂದ ಕಾರ್ಡು ತೆಗೆದು ಕೊಟ್ಟ. ವಿಚಾರಣೆ ಆಗಬೇಕು, ಮತ್ತೆ ಕೊಡುವುದೋ ಬಿಡುವುದೋ ಮೇಲಿನವರಿಗೆ ಬಿಟ್ಟದ್ದು, ಬಂಡೆಯ ಮೇಲೆ ಆಳು ಬಿಟ್ಟದ್ದಕ್ಕಿಂತ ಸುಳ್ಳು ಹೇಳಿದ್ದೇ ದೊಡ್ಡದು ಎಂದರು. ನಮ್ಮವರು ಕೂತಲ್ಲಿಂದಲೇ ಕೈ ಮುಗಿದು, "ತಪ್ಪು ನಂದು ಸಾರ್, ನಾನೇ ಕಳ್ಸಿದ್ದು," ಎಂದರು. ಅದನ್ನೂ ಬರೆದುಕೊಂಡರು.

ಮೂವರೂ ಮನೆಗೆ ಬಂದೆವು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಹಿರಿಮಗನ ತಲೆ, ಭುಜ, ಬೆನ್ನು ಎಲ್ಲ ತಡವಿ ನೋಡಿ, ಮುಖ ತಿರುಗಿಸಿ ನನಗೆ ಹೇಳಿದರು: "ನೀ ದಡಕ್ಕೋಗಿದ್ದಕ್ಕೇ ಒಳೆ ಅಷ್ಟ್ ಕಾಡಿದ್ದು."

ನಮ್ಮವರು ಅಂದರು, "ಅವ್ಳು ಬರ್ದಿದ್ರೆ ನಾ ಬರ್ತಿರ್ಲಿಲ್ಲವ್ವಾ."

ಅತ್ತೆ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಮೈದುನ ಒಳಗೆ ಬರಲಿಲ್ಲ. ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತ. ನಾನು ಒಣಗಿದ ಪಂಚೆ ತಂದು ಕೊಟ್ಟೆ. ತೆಗೆದುಕೊಂಡ, ಮುಖ ನೋಡಲಿಲ್ಲ.

"ನನ್ ಮೇಲೆ ಕೋಪ ಇದ್ರೆ ಬೈದ್ಬುಡಪ್ಪಾ," ಎಂದೆ.

"ಬೈಯೋಕೇನೈತೆ. ಅಣ್ಣ ಇಲ್ದಿದ್ರೆ ಆ ಕಾರ್ಡ್ ಇಟ್ಕೊಂಡು ನಾನ್ ಎಂಗ್ ಒಳೆಗಿಳೀತಿದ್ದೆ." ಪಂಚೆಯನ್ನು ಮಡಿಲಲ್ಲಿಟ್ಟುಕೊಂಡು, "ಆದ್ರೂ ಅತ್ಗೆ," ಎಂದ. ಅಷ್ಟಕ್ಕೇ ನಿಲ್ಲಿಸಿದ. ಕಾರ್ಡು ವಾಪಸ್ಸು ಬರುವವರೆಗೆ ಎರಡು ಮನೆಗೂ ಒಂದೇ ಒಲೆ ಎಂದು ನಮ್ಮವರು ಒಳಗಿನಿಂದ ಹೇಳಿದರು. ಮೈದುನ ಎದ್ದು ಪಂಚೆ ಸುತ್ತಿಕೊಂಡ.

ಅಂದ ಮೇಲೆ ಅವನ ಹೆಂಡತಿ, ಮಕ್ಕಳೂ ನಮ್ಮಲ್ಲೇ ಉಣ್ಣಬೇಕು, ಜೊತೆಗೆ ಹಗ್ಗ ಹಿಡಿದವರನ್ನೂ ಊಟಕ್ಕೆ ಬನ್ನಿ ಎಂದು ದಡದಲ್ಲೇ ಕರೆದಿದ್ದೆ. ಅಂಗೈಗೆ ಬಟ್ಟೆ ಸುತ್ತಿಕೊಂಡ ತಾತ ಶುಕ್ರವಾರವಾದರೂ ಪರವಾಗಿಲ್ಲ, ಬರಿ ಸೊಪ್ಪಿನ ಸಾರಾದರೂ ಸಾಕು ಎಂದಿದ್ದ. ಮನೆಯಲ್ಲಿ ಅಷ್ಟು ಜನಕ್ಕೆ ಅಕ್ಕಿ ಇರಲಿಲ್ಲ, ರಾಗಿ ಇತ್ತು. ದೊಡ್ಡ ಪಾತ್ರೆಯಲ್ಲಿ ಎಸರಿಟ್ಟು, ಒಲೆಗೆ ಎರಡು ಸೌದೆ ಹೆಚ್ಚಿಗೆ ತುರುಕಿ, ಮೊರ ಹಾಸಿಕೊಂಡು ರಾಗಿ ಹಿಟ್ಟನ್ನು ಜರಡಿ ಹಿಡಿಯಲು ಕೂತೆ.